ಅಣ್ಣನ ಪತ್ರಕ್ಕೆ ಸಹಿ ಹಾಕಿದರೆ ಅದೇ ಪ್ರೀತಿಯಾ?

ಪ್ರಶ್ನೆ: ಅಯ್ಯನವರಿಗೆ ವಂದನೆ. ನನಗೆ 43 ವರ್ಷ. ಧಾರವಾಡ ಜಿಲ್ಲೆಯ ಒಂದು ಶಾಲೆಯಲ್ಲಿ ಶಿಕ್ಷಕಿ. ಮೂರು ವರ್ಷದ ಹಿಂದೆ ಅಪ್ಪ ತೀರಿಕೊಂಡರು. ಉಯಿಲು ಬರೆದಿರಲಿಲ್ಲ. ಮರುವರ್ಷ ಅವ್ವನಿಗೆ ಲಕ್ವಾ ಹೊಡೆಯಿತು. ಅಂದಿನಿಂದ ನನ್ನ ಮನೆಯಲ್ಲೇ ಇದ್ದಾಳೆ. ಬೆಳಿಗ್ಗೆ ಅವಳ ಕೆಲಸ ಮುಗಿಸಿ ನಾನು ಶಾಲೆಗೆ ಓಡುತ್ತೇನೆ. ಅಪ್ಪ ದುಡಿದು ಕಟ್ಟಿದ ಮನೆಯಲ್ಲಿ ಅಣ್ಣ ಇದ್ದಾನೆ. ಈಗ ಅದು ಪೂರ್ತಿ ತನ್ನ ಹೆಸರಿಗೆ ಆಗಬೇಕು, ನಾನೂ ಅವ್ವನೂ ಹಕ್ಕು ಬಿಟ್ಟಂತೆ ಪತ್ರಕ್ಕೆ ಸಹಿ ಹಾಕಬೇಕು ಅನ್ನುತ್ತಾನೆ. "ಕ್ರೈಸ್ತಳಾಗಿ ಆಸ್ತಿಗೆ ಜಗಳ ತೆಗೀತೀಯಾ?" ಅಂತ ಕೇಳುತ್ತಾನೆ. ಸಭೆಯ ಹಿರಿಯರೊಬ್ಬರೂ "ಪ್ರೀತಿ ಅಂದರೆ ಬಿಟ್ಟುಕೊಡೋದು, ವಿಧೇಯಳಾಗಿರು" ಅಂದರು. ಅವ್ವನಿಗಾಗಿ ಎರಡು ವರ್ಷ ಉಪವಾಸ ಪ್ರಾರ್ಥನೆ ಮಾಡಿದೆ. ಗುಣವಾಗಲಿಲ್ಲ. ನಿನ್ನ ನಂಬಿಕೆ ಸಾಲದು ಅಂದರು. ಈಗ ಅಣ್ಣನನ್ನು ಕಂಡರೆ ಸಿಟ್ಟು ಉಕ್ಕುತ್ತದೆ. ಪ್ರಾರ್ಥನೆಗೆ ಕೂತರೆ ಮಾತು ಬರೋದಿಲ್ಲ. ಪ್ರೀತಿ, ವಿಧೇಯತೆ, ನಂಬಿಕೆ ಮೂರೂ ನನ್ನಲ್ಲಿ ಬತ್ತಿ ಹೋಗಿವೆ. ನಾನು ಇನ್ನೂ ಕ್ರೈಸ್ತಳೇ?

ಉತ್ತರ: ಪ್ರಿಯ ತಂಗಿ,

ನಿಮ್ಮ ಕೊನೆಯ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಅದನ್ನು ಎದೆಯಲ್ಲಿಟ್ಟುಕೊಂಡು ಉಳಿದದ್ದನ್ನು ಓದೋದು ಕಷ್ಟ. ಹೌದು, ನೀವು ಕ್ರೈಸ್ತರೇ. ಲಕ್ವಾ ಹೊಡೆದ ತಾಯಿಯನ್ನು ದಿನಾ ಎತ್ತಿ ಕೂರಿಸಿ, ಉಣ್ಣಿಸಿ, ಮೈ ಒರೆಸಿ, ಆಮೇಲೆ ಶಾಲೆಗೆ ಓಡುವವರು ನೀವು. "ನನ್ನಲ್ಲಿ ಪ್ರೀತಿ ಬತ್ತಿದೆ" ಅಂತ ನೀವೇ ಬರೆದಿದ್ದೀರಿ. ಆ ಸಾಲು ಓದಿ ಸ್ವಲ್ಪ ಹೊತ್ತು ಪತ್ರ ಕೆಳಗಿಟ್ಟೆ.

ನಿಮಗೆ ಮೂರು ಮಾತು ಹೇಳಿದ್ದಾರೆ. ನಂಬಿಕೆ ಸಾಲದು, ವಿಧೇಯಳಾಗಿರು, ಪ್ರೀತಿ ಅಂದರೆ ಬಿಟ್ಟುಕೊಡು. ಮೂರೂ ಸತ್ಯವೇದದ, ಅಂದರೆ ಬೈಬಲಿನ, ಪದಗಳೇ. ಆದರೆ ಸತ್ಯವೇದ ಅವನ್ನು ಹೀಗೆ ಬಳಸುವುದಿಲ್ಲ. ಬಳಲಿದವರ ಹೆಗಲ ಮೇಲೆ ಇನ್ನಷ್ಟು ಭಾರ ಹೇರುವುದಕ್ಕಂತೂ ಬಳಸುವುದೇ ಇಲ್ಲ.

ಅವ್ವನ ಕಾಯಿಲೆಯಿಂದ ಶುರು ಮಾಡೋಣ. ನಾನು ಸಭಾಪಾಲಕನಾದ ಹೊಸತರಲ್ಲಿ, ಮಗನ ಕಾಯಿಲೆಯಿಂದ ಸೋತುಹೋಗಿದ್ದ ಒಬ್ಬ ತಾಯಿಗೆ ಇದೇ ಮಾತು ಹೇಳಿದ್ದೆ. "ಇನ್ನೂ ಜಾಸ್ತಿ ನಂಬಿಕೆ ಬೇಕಮ್ಮಾ" ಅಂದಿದ್ದೆ. ಆ ಹುಡುಗ ಉಳಿಯಲಿಲ್ಲ. ಮಗನನ್ನು ಕಳೆದುಕೊಂಡದ್ದರ ಜೊತೆಗೆ "ನನ್ನಿಂದಲೇ ಹೋದ" ಅನ್ನುವ ಭಾರವನ್ನೂ ಆಕೆ ಹೊತ್ತಳು. ಆ ಭಾರ ಕೊಟ್ಟವನು ನಾನು. ಎಷ್ಟೋ ತಿಂಗಳ ಮೇಲೆ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅದಕ್ಕೇ ಈ ವಿಷಯದಲ್ಲಿ ನಾನು ಮೆತ್ತಗೆ ಮಾತಾಡಲಾರೆ. ನಿಮಗೆ ಹೇಳಿದ ಆ ಮಾತು ತಪ್ಪು.

ಊರೂರಿಗೆ ಯೇಸುವಿನ ಸುವಾರ್ತೆ ಸಾರಿದ ಪೌಲನಿಗಿಂತ ನಂಬಿಕೆ ಇದ್ದವರು ಯಾರು? ತನ್ನ ಶರೀರದಲ್ಲಿ ಒಂದು ಮುಳ್ಳು ನಾಟಿದೆ, ಅದು ಹೋಗಲಿ ಅಂತ ಮೂರು ಸಾರಿ ಬೇಡಿಕೊಂಡೆ ಅಂತ ಅವನೇ ಬರೆಯುತ್ತಾನೆ. ಅದು ಹೋಗಲಿಲ್ಲ. 'ನನ್ನ ಕೃಪೆಯೇ ನಿನಗೆ ಸಾಕು' ಅನ್ನುವ ಉತ್ತರ ಬಂತು. ತನ್ನ ಜೊತೆಗಾರ ತ್ರೊಫಿಮನನ್ನು ಮಿಲೇತದಲ್ಲಿ ಕಾಯಿಲೆಯಲ್ಲೇ ಬಿಟ್ಟು ಬರಬೇಕಾಯಿತು. ತಿಮೊಥೆಗೆ ಹೊಟ್ಟೆಯ ತೊಂದರೆ ಮರುಕಳಿಸುತ್ತಿತ್ತು. ಅದಕ್ಕೆ ಪೌಲ ಹೇಳಿದ್ದು ಬರೀ ನೀರು ಬೇಡ, ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಅಂತ. ಈ ಮೂವರಲ್ಲಿ ಯಾರಿಗೂ ನಂಬಿಕೆ ಕಡಿಮೆಯಾಯಿತು ಅಂತ ಅವನು ಎಲ್ಲೂ ಬರೆದಿಲ್ಲ. ಎಲ್ಲವನ್ನೂ ಕಳೆದುಕೊಂಡು ಕಾಯಿಲೆ ಬಿದ್ದ ಯೋಬನ ಸ್ನೇಹಿತರು ಮಾತ್ರ, ಕಷ್ಟಕ್ಕೆ ಅವನ ತಪ್ಪೇ ಕಾರಣ ಅಂತ ಲೆಕ್ಕ ಹಾಕಿದರು. ಯೋಬನ ಪುಸ್ತಕದ ಕೊನೆಗೆ ದೇವರು ಸಿಟ್ಟಾದದ್ದು ಆ ಸ್ನೇಹಿತರ ಮೇಲೆ.

ನಿಮ್ಮ ಮನೆಗೆ ತೀರಾ ಹತ್ತಿರದ ಒಂದು ಕಥೆ ಮಾರ್ಕನ ಸುವಾರ್ತೆಯ ಎರಡನೆಯ ಅಧ್ಯಾಯದಲ್ಲಿದೆ. ಕಪೆರ್ನೌಮಿನಲ್ಲಿ ಪಾರ್ಶ್ವವಾಯು ರೋಗಿಯೊಬ್ಬನನ್ನು ನಾಲ್ಕು ಜನ ಹೊತ್ತು ತರುತ್ತಾರೆ. ಬಾಗಿಲಲ್ಲಿ ಜನ ಕಿಕ್ಕಿರಿದಿದ್ದಾರೆ. ಅವರು ಮಾಳಿಗೆ ಹತ್ತಿ, ಮೇಲ್ಛಾವಣಿ ಕಿತ್ತು, ಹಾಸಿಗೆ ಸಮೇತ ಅವನನ್ನು ಕೆಳಗಿಳಿಸುತ್ತಾರೆ. ಯೇಸು ಅವರ ನಂಬಿಕೆಯನ್ನು ನೋಡಿದನು ಅಂತ ಬರೆದಿದೆ. ಗಮನಿಸಿ, ನೋಡಿದನು ಅಂತ ಇದೆ. ಏನು ಕಂಡಿತು ಅವನ ಕಣ್ಣಿಗೆ? ಮಣ್ಣಾದ ನಾಲ್ಕು ಜೊತೆ ಕೈ. ಹಗ್ಗದ ಗುರುತು. ಬೆವರು. ಅವರು ಒಂದು ಪ್ರಾರ್ಥನೆ ಹೇಳಿದ ಸುದ್ದಿಯೂ ಅಲ್ಲಿಲ್ಲ. ಅವರು ಹೊತ್ತು ತಂದಿದ್ದರು, ಅದನ್ನೇ ಮಾರ್ಕ ನಂಬಿಕೆ ಅಂತ ಕರೆದ. ಅವ್ವನನ್ನು ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ ಸಾಗಿಸುವಾಗ ನಿಮ್ಮ ಸೊಂಟ ನೋಯುತ್ತದಲ್ಲ ತಂಗಿ, ಅದೂ ದೇವರ ಕಣ್ಣಿಗೆ ಕಾಣುವ ನಂಬಿಕೆಯೇ.

ಪ್ರಾರ್ಥಿಸಿ. ಡಾಕ್ಟರು ಹೇಳಿಕೊಟ್ಟ ಕೈಕಾಲಿನ ವ್ಯಾಯಾಮವನ್ನೂ ತಪ್ಪದೆ ಮಾಡಿಸಿ. ಎರಡಕ್ಕೂ ಜಗಳವಿಲ್ಲ.

ಇನ್ನು ವಿಧೇಯತೆ. ಈ ಪದದ ಮೇಲೆ ನನಗೆ ಸ್ವಲ್ಪ ತಕರಾರಿದೆ. ನೀವು ಶಿಕ್ಷಕಿ. ರಜೆ ಚೀಟಿಯ ಕೊನೆಗೆ ಮಕ್ಕಳು 'ತಮ್ಮ ವಿಧೇಯ ವಿದ್ಯಾರ್ಥಿ' ಅಂತ ಬರೆಯುವುದನ್ನು ಎಷ್ಟು ಸಾರಿ ಓದಿಲ್ಲ? ಆ ಪದದಲ್ಲಿ ತಲೆ ತಗ್ಗಿಸಿ ಕೈಕಟ್ಟಿ ನಿಲ್ಲುವ ಚಿತ್ರವೇ ಜಾಸ್ತಿ. ಸತ್ಯವೇದದ ಮೂಲದಲ್ಲಿ ಹಾಗಿಲ್ಲ. ಹಳೆಯ ಒಡಂಬಡಿಕೆಯ ಹೀಬ್ರೂನಲ್ಲಿ ವಿಧೇಯತೆಗೆ ಬೇರೆ ಪದವೇ ಇಲ್ಲ ಅಂದರೂ ನಡೆಯುತ್ತದೆ. ಅಲ್ಲಿ ಬಳಕೆಯಾಗುವುದು 'ಶಾಮಾ', ಅಂದರೆ ಕೇಳು. ಧರ್ಮೋಪದೇಶಕಾಂಡದ ಆರನೇ ಅಧ್ಯಾಯದ 'ಇಸ್ರಾಯೇಲೇ, ಕೇಳು' ಅನ್ನುವುದು ಆ ಪದವೇ. ಹೊಸ ಒಡಂಬಡಿಕೆಯ ಗ್ರೀಕ್‌ನಲ್ಲೂ ವಿಧೇಯತೆ ಅನ್ನುವ ಪದದ ಹೊಟ್ಟೆಯಲ್ಲಿ 'ಕೇಳು' ಕೂತಿದೆ.

ನಮ್ಮ ಕನ್ನಡದಲ್ಲೂ ಹಾಗೇ ಅಲ್ವಾ? "ಈ ಹುಡುಗ ಹೇಳಿದ ಮಾತೇ ಕೇಳೋದಿಲ್ಲ" ಅಂತ ತಾಯಿ ಬೈದರೆ ಹುಡುಗನಿಗೆ ಕಿವುಡು ಅಂತಲ್ಲ. ಕೇಳೋದು ಅಂದರೆ ಕಿವಿಗೆ ಬಿದ್ದದ್ದು ಕೈಕಾಲಿಗೆ ಇಳಿಯೋದು. ನನಗೆ ಕನ್ನಡದ ಈ ಪದ ತುಂಬಾ ಇಷ್ಟ, ಯಾಕೆಂದರೆ ನಾವು ಪ್ರಶ್ನೆಯನ್ನೂ 'ಕೇಳುತ್ತೇವೆ'. ಯೇಸುವಿನ ತಾಯಿ ಮರಿಯಳು, ನಿನಗೆ ಮಗ ಹುಟ್ಟುತ್ತಾನೆ ಅಂದ ದೇವದೂತನ ಮಾತು ಕೇಳಿದಳು. 'ಇದು ಹೇಗಾದೀತು?' ಅಂತಲೂ ಕೇಳಿದಳು. ಆಮೇಲೆ 'ನಾನು ಕರ್ತನ ದಾಸಿ' ಅಂದಳು. ಪ್ರಶ್ನೆ ಕೇಳಿದ್ದಕ್ಕೆ ಅವಳನ್ನು ಯಾರೂ ಅವಿಧೇಯಳು ಅನ್ನಲಿಲ್ಲ.

ವಿಧೇಯತೆ ಅಂದರೆ ಕೇಳೋದು ಅಂತಾದರೆ ಯಾರ ಮಾತು ಅನ್ನೋದು ಮುಖ್ಯವಾಗುತ್ತದೆ. ಅಪೊಸ್ತಲರ ಕೃತ್ಯಗಳಲ್ಲಿ ಯೇಸುವಿನ ಶಿಷ್ಯ ಪೇತ್ರನೂ ಜೊತೆಯವರೂ ಯೆಹೂದ್ಯರ ದೊಡ್ಡ ಸಭೆಯ ಎದುರು ನಿಂತು, ಮನುಷ್ಯರಿಗಿಂತ ಹೆಚ್ಚಾಗಿ ದೇವರ ಮಾತು ಕೇಳಬೇಕು ಅಂದರು. ಸಭೆಯ ಹಿರಿಯರನ್ನು ಗೌರವಿಸಬೇಕು, ನಾನೂ ಗೌರವಿಸುತ್ತೇನೆ. ಆದರೆ ಹಿರಿಯರು ಹೇಳಿದ್ದನ್ನು ದೇವರ ವಾಕ್ಯದ ಪಕ್ಕದಲ್ಲಿಟ್ಟು ನೋಡುವ ಹಕ್ಕು ನಿಮಗಿದೆ. ಅದು ನಿಮ್ಮ ಕರ್ತವ್ಯ ಕೂಡ.

ಇಟ್ಟು ನೋಡೋಣ. ಹತ್ತು ಆಜ್ಞೆಗಳಲ್ಲಿ ಐದನೆಯದು ತಂದೆತಾಯಿಯನ್ನು ಸನ್ಮಾನಿಸು ಅನ್ನುತ್ತದೆ. ಮಾರ್ಕನ ಏಳನೇ ಅಧ್ಯಾಯದಲ್ಲಿ ಯೇಸು ಈ ಆಜ್ಞೆಯನ್ನೇ ಹಿಡಿದು ಯೆಹೂದ್ಯರಲ್ಲಿ ಕಟ್ಟುನಿಟ್ಟಿನ ಆಚಾರದವರಾದ ಫರಿಸಾಯರನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ. ಅವರಲ್ಲಿ 'ಕೊರ್ಬಾನ್' ಅನ್ನುವ ಒಂದು ಪದ್ಧತಿ ಇತ್ತು. ತಂದೆತಾಯಿಗೆ ಸಲ್ಲಬೇಕಾದದ್ದನ್ನು "ಇದು ದೇವರಿಗೆ ಮೀಸಲು" ಅಂದುಬಿಟ್ಟರೆ ಆಯಿತು, ಮುದುಕರಿಗೆ ಕೊಡುವ ಹಾಗಿಲ್ಲ. ದೇವರ ಹೆಸರು ಹೇಳಿ ಹೆತ್ತವರ ಬಾಯಿಂದ ತುತ್ತು ಕಿತ್ತುಕೊಳ್ಳುವ ಉಪಾಯ ಅದು. ಯೇಸು ಅದಕ್ಕೆ ಕೊಟ್ಟ ಹೆಸರು ದೇವರ ವಾಕ್ಯವನ್ನು ನಿರರ್ಥಕ ಮಾಡೋದು ಅಂತ.

ಈಗ ನಿಮ್ಮ ಅಣ್ಣನ ಪತ್ರ ನೋಡಿ. ಅದರಲ್ಲಿ ನಿಮ್ಮ ಪಾಲು ಮಾತ್ರ ಇಲ್ಲ, ಅವ್ವನ ಪಾಲೂ ಇದೆ. ನಾನು ವಕೀಲನಲ್ಲ, ಆದರೂ ಸಾಮಾನ್ಯವಾಗಿ ಕಾನೂನು ಹೇಳುವುದು ಇಷ್ಟು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಕ್ರೈಸ್ತ ಗಂಡ ಉಯಿಲು ಬರೆಯದೆ ತೀರಿಕೊಂಡರೆ ಆಸ್ತಿಯಲ್ಲಿ ಮೂರನೇ ಒಂದು ಭಾಗ ಹೆಂಡತಿಗೆ ಹೋಗುತ್ತದೆ. ಉಳಿದದ್ದು ಮಕ್ಕಳಿಗೆ ಸಮನಾಗಿ, ಗಂಡು ಹೆಣ್ಣು ಅನ್ನುವ ಭೇದವಿಲ್ಲ. ಕೇರಳದ ತಿರುವಾಂಕೂರು ಭಾಗದ ಕ್ರೈಸ್ತ ಹೆಣ್ಣುಮಕ್ಕಳಿಗೆ ಮಾತ್ರ ಬಹಳ ಕಾಲ ಬೇರೆ ಕಾಯ್ದೆಯಿಂದ ಅನ್ಯಾಯವಾಗುತ್ತಿತ್ತು. ಅವರಲ್ಲೊಬ್ಬರಾದ ಮೇರಿ ರಾಯ್ ಸುಪ್ರೀಂ ಕೋರ್ಟಿನವರೆಗೂ ಹೋದರು. 1986ರ ತೀರ್ಪಿನಲ್ಲಿ ಅವರಿಗೂ ಸಮಪಾಲು ಸಿಕ್ಕಿತು. ನಿಮ್ಮ ಮನೆಯ ಲೆಕ್ಕದಲ್ಲಿ ಅವ್ವ, ಅಣ್ಣ, ನೀವು, ಮೂವರಿಗೂ ಮೂರನೇ ಒಂದೊಂದು ಪಾಲು. ನಿಮ್ಮ ಪಾಲನ್ನು ನೀವು ಮನಸಾರೆ ಬಿಡಬಹುದು. ಅದು ನಿಮ್ಮದು. ಅವ್ವನದನ್ನು ಬಿಡಲು ನೀವು ಯಾರು? ಔಷಧಿ, ಪ್ಯಾಡು, ಆಸ್ಪತ್ರೆ ಖರ್ಚು ಮುಂದೆ ಎಲ್ಲಿಂದ ಬರಬೇಕು? ಅವಳ ಕೈ ಹಿಡಿದು ಹೆಬ್ಬೆಟ್ಟು ಒತ್ತಿಸುವುದು ಐದನೇ ಆಜ್ಞೆ ಮೀರಿದಂತೆಯೇ. ಈ ವಿಷಯದಲ್ಲಿ ದೇವರ ಮಾತು ಕೇಳುವುದು ಅಂದರೆ ಆ ಪತ್ರಕ್ಕೆ 'ಇಲ್ಲ' ಅನ್ನುವುದು.

'ಇಲ್ಲ' ಅಂದಮೇಲೆ ಪ್ರೀತಿ ಎಲ್ಲಿ ಉಳಿಯಿತು ಅಂತ ನೀವು ಕೇಳುತ್ತೀರಿ. ಇದೇ ನಿಮ್ಮನ್ನು ಜಾಸ್ತಿ ಸುಡುತ್ತಿರುವ ಪ್ರಶ್ನೆ ಅಂತ ನನಗನಿಸುತ್ತದೆ.

'ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು' ಅನ್ನುವ ವಾಕ್ಯ ಎಲ್ಲರಿಗೂ ಬಾಯಿಪಾಠ. ಯೇಸು ಅದನ್ನು ತೆಗೆದುಕೊಂಡದ್ದು ಯಾಜಕಕಾಂಡ 19ರ 18ನೇ ವಚನದಿಂದ. ಅದರ ಹಿಂದಿನ ವಚನ, 17, ನಾವು ಅಷ್ಟಾಗಿ ಓದುವುದಿಲ್ಲ. ಸಹೋದರನ ಮೇಲೆ ಮನಸ್ಸಿನೊಳಗೆ ಹಗೆ ಇಟ್ಟುಕೊಳ್ಳಬೇಡ, ಅವನ ತಪ್ಪನ್ನು ಅವನಿಗೆ ಹೇಳು, ಹೇಳದಿದ್ದರೆ ಅವನ ಪಾಪದಲ್ಲಿ ನಿನಗೂ ಪಾಲು ಬರುತ್ತದೆ. ಅಲ್ಲಿ ಹೇಳಿರೋದು ಇದು. ಹಗೆ ಬೇಡ, ತಪ್ಪು ಹೇಳು, ಪ್ರೀತಿಸು. ಮೂರೂ ಒಂದೇ ಉಸಿರಿನಲ್ಲಿ ಬಂದಿವೆ. ಸತ್ಯ ಹೇಳೋದನ್ನು ಪ್ರೀತಿಯಿಂದ ಬೇರೆ ಮಾಡಿದವರು ನಾವು.

ನೋಡಿ, ಬಾಯಿ ಮುಚ್ಚಿಕೊಂಡು ಸಹಿ ಹಾಕಿದರೆ ಏನಾಗುತ್ತದೆ? ಮನೆ ಹೋಗುತ್ತದೆ, ಹಗೆ ಒಳಗೆ ಉಳಿಯುತ್ತದೆ. ಪ್ರತಿ ಕ್ರಿಸ್ಮಸ್‌ಗೂ ಅಣ್ಣನ ಮುಖ ನೋಡಿ ನಗಬೇಕು, ಒಳಗೆ ಕುದಿಯಬೇಕು. ಅಣ್ಣನಿಗೂ ಒಳ್ಳೆಯದಾಗುವುದಿಲ್ಲ. ಹೆತ್ತ ತಾಯಿಯ ಪಾಲು ನುಂಗಿದವನಾಗಿ ಅವನು ಬದುಕುತ್ತಾನೆ, ಅದಕ್ಕೆ ನೀವೇ ಸಹಿ ಹಾಕಿಕೊಟ್ಟಿರುತ್ತೀರಿ. ಇದರಲ್ಲಿ ಪ್ರೀತಿ ಎಲ್ಲಿದೆ?

ಅರಣ್ಯಕಾಂಡ 27ನ್ನು ಒಮ್ಮೆ ಓದಿ. ಚಲ್ಪಹಾದನಿಗೆ ಗಂಡು ಮಕ್ಕಳಿರಲಿಲ್ಲ. ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ ಅಂತ ಐವರು ಹೆಣ್ಣುಮಕ್ಕಳು. ತಂದೆ ತೀರಿಕೊಂಡ ಮೇಲೆ ಅವರು ದೇವದರ್ಶನದ ಗುಡಾರದ ಬಾಗಿಲಿಗೆ ಬಂದು, ಇಸ್ರಾಯೇಲ್ಯರ ನಾಯಕ ಮೋಶೆಯ ಎದುರು, ಇಡೀ ಸಮೂಹದ ಎದುರು ನಿಂತು ನಮಗೂ ಪಾಲು ಕೊಡಿ ಅಂತ ಕೇಳಿದರು. ಮೋಶೆ ದೇವರ ಹತ್ತಿರ ಹೋದ. ಆ ಹೆಣ್ಣುಮಕ್ಕಳು ಹೇಳುವುದು ನ್ಯಾಯ ಅಂತ ಉತ್ತರ ಬಂತು. ಸಾವಿರಾರು ವರ್ಷದ ಹಿಂದಿನ ಪುಸ್ತಕದಲ್ಲಿ ಐದೂ ಹೆಸರು ಬಿಡದೆ ಬರೆದಿಟ್ಟಿದ್ದಾರೆ, ಅದನ್ನು ನೋಡಿದಾಗೆಲ್ಲ ನನಗೆ ಸಂತೋಷ. ಅವರಿಗೆ ಅಣ್ಣತಮ್ಮಂದಿರಿರಲಿಲ್ಲ, ನಿಜ, ನಿಮ್ಮ ಸಂಗತಿ ಬೇರೆ. ಆದರೆ ಹೆಣ್ಣುಮಗಳು ಪಾಲು ಕೇಳುವುದು ಭಕ್ತಿಗೆ ವಿರುದ್ಧ ಅನ್ನುವ ಮಾತು ಇಲ್ಲಿಗೇ ಮುರಿದುಬೀಳುತ್ತದೆ.

ಇನ್ನೊಂದು ಕಡೆಯನ್ನೂ ಹೇಳದಿದ್ದರೆ ನಾನು ನಿಮಗೆ ಮೋಸ ಮಾಡಿದಂತೆ. ಲೂಕನ 12ನೇ ಅಧ್ಯಾಯದಲ್ಲಿ ಒಬ್ಬ ಬಂದು, "ಬೋಧಕನೇ, ಪಾಲು ಕೊಡು ಅಂತ ನನ್ನ ಅಣ್ಣನಿಗೆ ಹೇಳು" ಅನ್ನುತ್ತಾನೆ. ಯೇಸು ಆ ನ್ಯಾಯ ತೀರಿಸಲು ಒಪ್ಪುವುದಿಲ್ಲ. ಎಲ್ಲಾ ಲೋಭಕ್ಕೂ ಎಚ್ಚರವಾಗಿರಿ ಅನ್ನುತ್ತಾನೆ. ಆ ಮಾತು ಅಣ್ಣನಿಗೂ ಹೌದು, ತಮ್ಮನಿಗೂ ಹೌದು. ನಿಮಗೂ ಹೌದು. ಆದ್ದರಿಂದ ರಾತ್ರಿ ಒಬ್ಬರೇ ಇದ್ದಾಗ ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ. ನನಗೆ ಬೇಕಾಗಿರುವುದು ಅವ್ವನ ಭದ್ರತೆಯಾ, ನ್ಯಾಯವಾ, ಇಲ್ಲ ಅಣ್ಣ ಸೋಲುವುದನ್ನು ನೋಡಬೇಕಾ? ಮೊದಲ ಎರಡಾದರೆ ಮುಂದೆ ನಡೆಯಿರಿ. ಮೂರನೆಯದು ಕಂಡರೆ ದೇವರ ಮುಂದೆ ಅದರ ಹೆಸರು ಹೇಳಿ. ಸುಮ್ನೆ ಮುಚ್ಚಿಡಬೇಡಿ.

ನಿಮ್ಮ ಹಿರಿಯರ ಮನಸ್ಸಿನಲ್ಲಿ ಬಹುಶಃ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಆರನೇ ಅಧ್ಯಾಯ ಇರಬೇಕು. ಸಹೋದರರು ಕೋರ್ಟಿಗೆ ಹೋಗುವುದಕ್ಕಿಂತ ಅನ್ಯಾಯವನ್ನು ಯಾಕೆ ಸಹಿಸಬಾರದು ಅಂತ ಪೌಲ ಕೇಳುತ್ತಾನೆ. ಈ ವಾಕ್ಯವನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಅದರ ಹಿಂದೆ ಮುಂದೆ ಓದಬೇಕು. ಹಿಂದಿನ ಸಾಲಿನಲ್ಲಿ, ಇಬ್ಬರ ನಡುವೆ ತೀರ್ಪು ಹೇಳುವ ಒಬ್ಬ ಜಾಣನೂ ನಿಮ್ಮ ಸಭೆಯಲ್ಲಿ ಇಲ್ಲವಾ ಅಂತ ಕೇಳುತ್ತಾನೆ. ಮುಂದಿನ ಸಾಲಿನಲ್ಲಿ, ನೀವೇ ಅನ್ಯಾಯ ಮಾಡುತ್ತೀರಿ, ಅದೂ ಸಹೋದರರಿಗೆ ಮೋಸ ಮಾಡುತ್ತೀರಿ ಅಂತ ಗದರುತ್ತಾನೆ. ಅಂದರೆ ಆ ವಾಕ್ಯ ಹೇಳುವ ಹಿರಿಯರ ಮೇಲೆ ಎರಡು ಕೆಲಸ ಬೀಳುತ್ತದೆ. ಇಬ್ಬರನ್ನೂ ಕೂರಿಸಿ ನ್ಯಾಯ ಮಾಡಬೇಕು, ಕಿತ್ತುಕೊಳ್ಳುವವನಿಗೆ ಬುದ್ಧಿ ಹೇಳಬೇಕು. ಕಳೆದುಕೊಳ್ಳುವವಳ ಹತ್ತಿರ ಮಾತ್ರ ಹೋಗಿ 'ಸಹಿಸು' ಅಂದರೆ ವಾಕ್ಯದ ಅರ್ಧ ಮಾತ್ರ ಹೇಳಿದಂತಾಯಿತು. ಇನ್ನು ಪೌಲ ತಾನೇ ಬೇಕಾದಾಗ ರೋಮಿನ ಕಾನೂನು ಬಳಸಿಕೊಂಡ. ಚಕ್ರವರ್ತಿ ಕೈಸರನ ಬಳಿಗೇ ಅಪೀಲು ಹೋಗುತ್ತೇನೆ ಅಂದವನು ಅವನು.

ದಾರಿಯನ್ನು ಮತ್ತಾಯ 18 ಸರಳವಾಗಿ ಹೇಳುತ್ತದೆ. ಮೊದಲು ಒಬ್ಬರೇ ಹೋಗಿ ಮಾತಾಡಿ. ಅವ್ವನ ಖರ್ಚಿನ ಲೆಕ್ಕ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಹಳೆಯ ಪಟ್ಟಿ ಬಿಚ್ಚಬೇಡಿ. ಕೇಳದಿದ್ದರೆ ಇಬ್ಬರೂ ಗೌರವಿಸುವ ಒಂದಿಬ್ಬರನ್ನು ಕರೆದುಕೊಂಡು ಹೋಗಿ. ಸೋದರಮಾವ ಇದ್ದರೆ ಒಳ್ಳೆಯದು. ಆಮೇಲೆ ಸಭೆ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ಅಲ್ಲಿ ರಾಜಿ ಸಂಧಾನಕ್ಕೂ ಅವಕಾಶವಿದೆ. ಯಾವ ಕಾಗದಕ್ಕೂ ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ.

ಸಿಟ್ಟಿನ ಮಾತು ಇನ್ನೂ ಉಳಿದಿದೆ. ಅಣ್ಣನನ್ನು ಕಂಡರೆ ಉಕ್ಕುತ್ತದೆ ಅಂದಿರಿ. ಕ್ಷಮಿಸಬೇಕು, ಆದರೆ ಮನಸ್ಸು ಬರುತ್ತಿಲ್ಲ. ಇದಕ್ಕೆ ನನಗೆ ನೆನಪಾಗುವುದು ಹಾಲೆಂಡಿನ ಕೊರಿ ಟೆನ್ ಬೂಮ್. ಹಾರ್ಲೆಮ್ ಊರಿನ ಗಡಿಯಾರ ರಿಪೇರಿ ಮಾಡುವ ಮನೆತನ ಅವರದು. ನಾಜಿಗಳಿಂದ ತಪ್ಪಿಸಿಕೊಂಡ ಯೆಹೂದ್ಯರನ್ನು ಮನೆಯಲ್ಲಿ ಬಚ್ಚಿಟ್ಟಿದ್ದಕ್ಕೆ 1944ರಲ್ಲಿ ಇಡೀ ಮನೆಯವರನ್ನು ಹಿಡಿದರು. ತಂದೆ ಸೆರೆಯಲ್ಲೇ ತೀರಿಕೊಂಡರು. ಅಕ್ಕ ಬೆಟ್ಸಿ ರಾವೆನ್ಸ್‌ಬ್ರೂಕ್ ಶಿಬಿರದಲ್ಲಿ ಸತ್ತಳು. ಕೊರಿ ಬದುಕಿ ಬಂದು ಯುದ್ಧ ಮುಗಿದ ಮೇಲೆ ದೇವರ ಕ್ಷಮೆಯ ಬಗ್ಗೆ ಊರೂರಿಗೆ ಹೋಗಿ ಮಾತಾಡುತ್ತಿದ್ದಳು.

1947ರಲ್ಲಿ ಮ್ಯೂನಿಕ್‌ನ ಒಂದು ಚರ್ಚಿನಲ್ಲಿ ಮಾತು ಮುಗಿಸಿದಾಗ ಒಬ್ಬ ಎದುರಿಗೆ ಬಂದ. ಆ ಶಿಬಿರದ ಕಾವಲುಗಾರ. ಅವಳಿಗೆ ಗುರುತು ಸಿಕ್ಕಿತು. ದೇವರು ನನ್ನನ್ನು ಕ್ಷಮಿಸಿದ್ದಾನೆ, ನೀವೂ ಕ್ಷಮಿಸುತ್ತೀರಾ ಅಂತ ಕೈ ಚಾಚಿದ. ಅವಳ ಕೈ ಏಳಲಿಲ್ಲ. ಒಳಗೆ ಬರೀ ಚಳಿ. ಆಗ ಅವಳು ಮಾಡಿದ ಪ್ರಾರ್ಥನೆ ಇಷ್ಟೇ: ಕರ್ತನೇ, ನಾನು ಕೈ ಎತ್ತಬಲ್ಲೆ, ಅಷ್ಟು ಮಾಡುತ್ತೇನೆ, ಆ ಭಾವನೆ ನೀನು ಕೊಡು. ಮರದ ಕೈಯಂತೆ ಚಾಚಿದಳು. ಕೈ ಕೈಗೆ ಸೇರಿದ ಮೇಲೆ ಒಳಗಿನ ಚಳಿ ಕರಗಿತು ಅಂತ ಅವಳೇ ಹೇಳಿಕೊಂಡಿದ್ದಾಳೆ.

ಇಲ್ಲಿ ಯಾವುದು ಮೊದಲು ಬಂತು ನೋಡಿ. ಪ್ರೀತಿಯ ಭಾವನೆ ಬರಲಿಲ್ಲ. ಪೂರ್ತಿ ನಂಬಿಕೆಯೂ ಇರಲಿಲ್ಲ. ಮೊದಲು ಬಂದದ್ದು ಒಂದು ಕೈ, ದೇವರ ಮಾತು ಕೇಳಿದ್ದಕ್ಕೆ ಎತ್ತಿದ ಕೈ. ಉಳಿದೆರಡು ಅದರ ಹಿಂದೆ ಬಂದವು. ನನ್ನ ಸೇವೆಯ ವರ್ಷಗಳಲ್ಲಿ ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಮನಸ್ಸು ತುಂಬಿ ಬರಲಿ, ಆಮೇಲೆ ಮಾಡೋಣ ಅಂತ ಕಾದವರು ಕಾಯುತ್ತಲೇ ಇದ್ದಾರೆ. ಒಣ ಮನಸ್ಸಿನಲ್ಲೇ ಒಂದು ಹೆಜ್ಜೆ ಇಟ್ಟವರಿಗೆ ಎಷ್ಟೋ ಸಾರಿ ಆ ಹೆಜ್ಜೆಯ ಆಚೆ ನೀರು ಸಿಕ್ಕಿದೆ. ಪೇತ್ರನೂ ರಾತ್ರಿಯೆಲ್ಲಾ ಬಲೆ ಬೀಸಿ ಏನೂ ಸಿಗದೆ ಬಲೆ ತೊಳೆಯುತ್ತಿದ್ದವನು. 'ಆದರೂ ನಿನ್ನ ಮಾತಿನ ಮೇಲೆ ಬಲೆ ಹಾಕುತ್ತೇನೆ' ಅಂದ. ಆ 'ಆದರೂ' ಸಾಕು.

ಕ್ಷಮಿಸಿದರೆ ಪಾಲು ಬಿಟ್ಟಂತೆ ಅಂತಲೂ ಭಾವಿಸಬೇಡಿ. ಒಡಿಶಾದ ಮನೋಹರಪುರದಲ್ಲಿ 1999ರ ಜನವರಿಯಲ್ಲಿ ಆಸ್ಟ್ರೇಲಿಯಾದಿಂದ ಬಂದಿದ್ದ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಚಿಕ್ಕ ಗಂಡುಮಕ್ಕಳನ್ನು ಜೀಪಿನಲ್ಲಿ ಸುಟ್ಟು ಕೊಂದರು. ನಿಮಗೂ ನೆನಪಿರಬಹುದು. ಅವರ ಹೆಂಡತಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದ್ದೇನೆ ಅಂದರು. ಬಾರಿಪದದ ಕುಷ್ಠರೋಗಿಗಳ ಆಶ್ರಮದ ಕೆಲಸವನ್ನು ಬಿಟ್ಟು ಓಡಲಿಲ್ಲ, ವರ್ಷಗಟ್ಟಲೆ ಮುಂದುವರಿಸಿದರು. 2005ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರ ಕ್ಷಮೆಯಿಂದ ಕೋರ್ಟಿನ ಕೇಸು ನಿಲ್ಲಲಿಲ್ಲ. ಕಾನೂನು ತನ್ನ ದಾರಿಯಲ್ಲಿ ಹೋಯಿತು, ತಪ್ಪಿತಸ್ಥನಿಗೆ ಶಿಕ್ಷೆಯಾಯಿತು. ಅವರ ಎದೆಯಲ್ಲಿ ಹಗೆ ಇರಲಿಲ್ಲ, ಕೋರ್ಟಿನಲ್ಲಿ ನ್ಯಾಯ ನಡೆಯಿತು. ಎರಡೂ ಒಟ್ಟಿಗೆ ಇರಬಹುದು.

ನಿಮ್ಮ ಮಟ್ಟಿಗೆ ಆ ಕೈ ಎತ್ತುವ ಕೆಲಸ ಯಾವುದು? ಅಣ್ಣನ ಮಕ್ಕಳಿಗೆ ನೀವು ಅತ್ತೆ. ಅವರ ಹುಟ್ಟಿದ ದಿನಕ್ಕೆ ಫೋನ್ ಮಾಡಿ. ಆಸ್ತಿ ಮಾತು ಎತ್ತಬೇಡಿ. ಶಾಲೆಯ ಸ್ಟಾಫ್ ರೂಮಿನಲ್ಲಿ ಅಣ್ಣನ ಬಗ್ಗೆ ಕೆಟ್ಟದ್ದು ಹೇಳಬೇಕು ಅನಿಸಿದಾಗ ಒಂದು ಸಾರಿ ತಡೆದುಕೊಳ್ಳಿ. ವಾರಕ್ಕೊಂದು ದಿನ ಅವನ ಹೆಸರು ಹಿಡಿದು ಪ್ರಾರ್ಥಿಸಿ. ಹಲ್ಲು ಕಚ್ಚಿಕೊಂಡೇ ಪ್ರಾರ್ಥಿಸಿ, ಪರವಾಗಿಲ್ಲ. ನಿಮ್ಮಿಂದಾದಷ್ಟು ಮಟ್ಟಿಗೆ ಸಮಾಧಾನದಿಂದಿರಿ ಅಂತ ರೋಮಾಪುರದವರಿಗೆ ಬರೆದ ಪತ್ರ ಹೇಳುತ್ತದೆ. ನಿಮ್ಮಿಂದಾದಷ್ಟು. ಅಣ್ಣನ ಪಾಲಿನ ಸಮಾಧಾನ ಅವನು ತರಬೇಕು.

ಇನ್ನು ಪ್ರಾರ್ಥನೆಗೆ ಮಾತೇ ಬರುವುದಿಲ್ಲ ಅಂದದ್ದು. ನನ್ನ ಅಪ್ಪ ತೀರಿಕೊಂಡ ವರ್ಷ ನನಗೂ ಹಾಗೇ ಆಗಿತ್ತು. ಬೇರೆಯವರಿಗಾಗಿ ವೇದಿಕೆ ಮೇಲೆ ಪ್ರಾರ್ಥಿಸುತ್ತಿದ್ದೆ, ಮನೆಗೆ ಬಂದು ಮೊಣಕಾಲೂರಿದರೆ ಖಾಲಿ. ಆಗ ನನ್ನನ್ನು ಉಳಿಸಿದ್ದು ಸತ್ಯವೇದದ ಕೀರ್ತನೆಗಳು. 13ನೇ ಕೀರ್ತನೆ ತೆರೆಯಿರಿ. ಎರಡೇ ವಚನದಲ್ಲಿ ನಾಲ್ಕು ಸಾರಿ 'ಎಷ್ಟರವರೆಗೆ?' ಅಂತ ಕೀರ್ತನೆಗಾರ ದೇವರನ್ನು ಕೇಳುತ್ತಾನೆ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೆ ಒಂದು ಒಳ್ಳೆಯ ಮಾತೂ ಇಲ್ಲ. ಅಂಥದ್ದನ್ನೂ ಪ್ರಾರ್ಥನೆ ಅಂತ ನಮ್ಮ ಕೈಗೆ ಕೊಟ್ಟಿದ್ದಾರೆ. ನಿಮ್ಮ ಸ್ವಂತ ಮಾತು ಬರದಿದ್ದರೆ ದಿನಕ್ಕೊಂದು ಕೀರ್ತನೆ ಅವ್ವನ ಪಕ್ಕ ಕೂತು ಗಟ್ಟಿಯಾಗಿ ಓದಿ. ಅದೂ ಆಗದ ದಿನ ಕರ್ತನ ಪ್ರಾರ್ಥನೆ ಒಂದು ಸಾರಿ. ಮಾರ್ಕನ ಒಂಬತ್ತನೆಯ ಅಧ್ಯಾಯದಲ್ಲಿ ನರಳುವ ಮಗನನ್ನು ಯೇಸುವಿನ ಬಳಿ ತಂದ ತಂದೆಯ ಹಾಗೆ 'ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು' ಅಂದರೂ ಸಾಕು. ಆ ಅರ್ಧ ನಂಬಿಕೆಯನ್ನು ಯೇಸು ತಳ್ಳಿಹಾಕಲಿಲ್ಲ.

ನಮ್ಮ ಹಳೆಯ ಸತ್ಯವೇದದಲ್ಲಿ 'ನಂಬಿಕೆ' ಅಂತಿದೆ. ಕಥೋಲಿಕ ಸಭೆಯವರು ಓದುವ ಅನುವಾದದಲ್ಲಿ 'ವಿಶ್ವಾಸ'. ಹೀಬ್ರೂನಲ್ಲಿ ಅದಕ್ಕೆ 'ಎಮೂನಾ' ಅನ್ನುತ್ತಾರೆ. ಆ ಪದ ಸತ್ಯವೇದದಲ್ಲಿ ಮೊಟ್ಟಮೊದಲು ಬರುವುದು ಎಲ್ಲಿ ಗೊತ್ತಾ? ವಿಮೋಚನಕಾಂಡ 17ರಲ್ಲಿ, ಅಮಾಲೇಕ್ಯರ ಜೊತೆ ಯುದ್ಧ ನಡೆಯುವಾಗ. ಮೋಶೆ ಗುಡ್ಡದ ಮೇಲೆ ಕೈ ಎತ್ತಿ ನಿಂತಿದ್ದಾನೆ. ಕೈ ಸೋತು ಇಳಿಯುತ್ತದೆ. ಆರೋನನೂ ಹೂರನೂ ಒಂದು ಕಲ್ಲು ತಂದು ಅವನನ್ನು ಕೂರಿಸಿ, ಆ ಕಡೆ ಒಬ್ಬ ಈ ಕಡೆ ಒಬ್ಬ ಕೈ ಹಿಡಿದು ನಿಲ್ಲುತ್ತಾರೆ. ಹೊತ್ತು ಮುಳುಗುವ ತನಕ ಅವನ ಕೈಗಳು 'ಎಮೂನಾ' ಆಗಿದ್ದವು ಅಂತ ಬರೆದಿದೆ. ಅಂದರೆ ಬಿದ್ದುಹೋಗದೆ ಸ್ಥಿರವಾಗಿದ್ದವು. ಅವನ ತೋಳಿನ ಬಲದಿಂದಲ್ಲ, ಬೇರೆಯವರು ಹಿಡಿದಿದ್ದರಿಂದ.

ಎರಡು ವರ್ಷ ಒಬ್ಬರೇ ಕೈ ಎತ್ತಿ ನಿಂತಿದ್ದೀರಿ ತಂಗಿ. ಕೈ ಸೋತಿದೆ, ಅಷ್ಟೇ. ನಿಮ್ಮ ಸಭೆಯ ಸ್ತ್ರೀಯರ ಕೂಟದಲ್ಲಿ ನಂಬುವಂಥ ಇಬ್ಬರನ್ನು ಆರಿಸಿ. ವಾರದಲ್ಲಿ ಒಂದು ಮಧ್ಯಾಹ್ನ ಅವ್ವನ ಹತ್ತಿರ ಕೂತಿರಿ ಅಂತ ಬಾಯಿಬಿಟ್ಟು ಕೇಳಿ. ಆ ಹೊತ್ತು ನೀವು ಮಲಗಿ ನಿದ್ದೆ ಮಾಡಿ. ಅವ್ವನಿಗಾಗಿ ಉಪವಾಸ ಮಾಡುವುದನ್ನು ಸದ್ಯಕ್ಕೆ ನಿಲ್ಲಿಸಿ, ಹೊಟ್ಟೆ ತುಂಬಾ ಊಟ ಮಾಡಿ, ಇದನ್ನು ಸಭಾಪಾಲಕನಾಗಿಯೇ ಹೇಳುತ್ತಿದ್ದೇನೆ. ಪ್ರಾರ್ಥನೆಯನ್ನು ಸ್ವಲ್ಪ ದಿನ ನಮಗೆ ಬಿಡಿ. ಈ ಭಾನುವಾರದಿಂದ ನಮ್ಮ ಸಭೆಯಲ್ಲಿ ಊರು ಹೆಸರು ಹೇಳದೆ ನಿಮ್ಮ ಅವ್ವನಿಗಾಗಿ, ನಿಮಗಾಗಿ, ನಿಮ್ಮ ಅಣ್ಣನಿಗಾಗಿಯೂ ಬೇಡಿಕೊಳ್ಳುತ್ತೇವೆ. ಅಣ್ಣನ ಜೊತೆ ಮಾತಾಡಿ ಬಂದ ಮೇಲೆ ಏನಾಯಿತು ಅಂತ ನನಗೆ ಬರೆಯಿರಿ.